ಶುಕ್ರವಾರದ ಪಾನಕ

ಪಾನಕಕ್ಕೆ ಜಜ್ಜಿದ ಏಲಕ್ಕಿಯ ವಾಸನೆ ಬಂದರೆ ಈಗಲೂ ನನ್ನ ಕೈ ಬ್ಯಾಗಿನಲ್ಲಿ ಏನನ್ನೋ ತಡಕಾಡುತ್ತದೆ.

ರಾಜಗೋಪಾಲನಗರದ ವಠಾರದಲ್ಲಿ ನಮ್ಮದು ಶೀಟಿನ ಮನೆ. ಅವ್ವ ಶುಕ್ರವಾರ ಉಪವಾಸವಿದ್ದೇ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಬೇಗ ಮರಳಿದವಳು ಹೊಸ್ತಿಲಲ್ಲೇ ಕುಸಿದು ಕೂತಳು. ರವಿಕೆ ಬೆವರಿನಿಂದ ತೊಯ್ದಿತ್ತು. ಮುಟ್ಟಿದರೆ ಮೈ ತಣ್ಣಗೆ, ಗಡಗಡ ನಡುಗುತ್ತಿತ್ತು. ನನ್ನನ್ನೇ ದಿಟ್ಟಿಸಿ, "ನೀ ಯಾರ ಮಗಳವ್ವಾ?" ಎಂದಳು.

ಮನೆ ಓನರ್ ಅಕ್ಕ ಓಡಿಬಂದು ಅವಳ ಹಣೆಗೆ ಕುಂಕುಮ ಮೆತ್ತಿದರು. "ಮೈಮೇಲೆ ಅಮ್ಮ ಬಂದವ್ಳೆ ಕಣ್ರೇ!" ವಠಾರದವರು ಕೈಮುಗಿದು ತಂತಮ್ಮ ಕಷ್ಟ ಹೇಳಿಕೊಂಡರು, ಅವ್ವ ತೊದಲಿದ್ದಕ್ಕೆಲ್ಲ ಅರ್ಥ ಹುಡುಕಿದರು. ಕೊನೆಗೆ ದೇವಿ ಶಾಂತಳಾಗಲೆಂದು ಬೆಲ್ಲದ ಪಾನಕ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅವ್ವ ನನ್ನ ತಲೆ ಸವರಿ, "ಸಾಲಿ ಯಾವಾಗ ಬಿಡ್ತು?" ಎಂದು ಕೇಳಿದಳು.

ಮುಂದಿನ ಶುಕ್ರವಾರ ಬೆಳಿಗ್ಗೆಯೇ ಓನರ್ ಅಕ್ಕ ಬಾಗಿಲಿಗೆ ಬಂದರು. "ಇವತ್ತು ರಜಾ ಹಾಕು. ನೀರೂ ಮುಟ್ಬೇಡ ಕಣಮ್ಮ, ಜನ ಕೇಳೋಕೆ ಬರ್ತಾವ್ರೆ."

ಶಾಲೆಯಿಂದ ಬಂದಾಗ ಮನೆ ತುಂಬ ಜನ ಕೂತಿದ್ದರು. ಅವ್ವನ ಕೈ ಆಗಲೇ ನಡುಗುತ್ತಿತ್ತು. ಯಾರೂ ನನ್ನನ್ನು ಹತ್ತಿರ ಬಿಡಲಿಲ್ಲ. ಅವ್ವನ ಬಾಯಿಗೆ ಹಾಕಲೆಂದು ಯೂನಿಫಾರಂ ಜೇಬಿನಲ್ಲಿ ತಂದಿದ್ದ ಬೆಲ್ಲದ ಚೂರನ್ನು, ಅದು ಕರಗಿ ಬೆರಳಿಗೆ ಅಂಟುವವರೆಗೂ ಹಿಡಿದುಕೊಂಡೇ ನಿಂತಿದ್ದೆ.