ಎರಡೂ ಫೋನಿನ ಫೋಟೊ

ಹಣಮಂತಪ್ಪ ತನ್ನ ಹಳೆಯ ಫೋನನ್ನೂ ಹೊಸ ಫೋನನ್ನೂ ಕೌಂಟರಿನ ಗಾಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಹೊಸದನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಅಲ್ತಮಶನಿಗೆ ಹೇಳಿದ. ಕೊಂಡು ನಾಲ್ಕೇ ದಿನವಾಗಿತ್ತು. ಹಳೆಯದರಲ್ಲಿ ಫೋಟೊ ಮಸುಕಾಗಿ ಬರುತ್ತದೆಂದೇ ಹೊಸದು ಕೊಂಡಿದ್ದ. ಈಗ ನೋಡಿದರೆ ಹೊಸದರಲ್ಲೂ ಅಷ್ಟೇ ಮಸುಕು.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಅಲ್ತಮಶನಿಗೆ ಇಂಥ ತಕರಾರು ಹೊಸದಲ್ಲ. ಲೆನ್ಸಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದಾನೋ ಇಲ್ಲವೋ ಎಂದು ಮೊದಲು ನೋಡಿದ. ಕಿತ್ತಿದ್ದ. ಬಟ್ಟೆಯಿಂದ ಒರೆಸಿ, ಎರಡೂ ಫೋನಿನಲ್ಲಿ ಫೋಟೊ ತೆರೆದ. ಹಣಮಂತಪ್ಪ ಇಪ್ಪತ್ತೆರಡು ವರ್ಷದಿಂದ ದೊಡವಾಡ ರಸ್ತೆಯ ತೋಟದ ಮನೆಗಳ ಮಕ್ಕಳನ್ನು ತನ್ನ ಟಂಟಂ ಆಟೊದಲ್ಲಿ ಶಾಲೆಗೆ ಬಿಡುತ್ತಿದ್ದ. ಅವತ್ತು ಮುಂಜಾನೆ ಆ ಮಕ್ಕಳನ್ನೇ ಗಾಡಿಯ ಮುಂದೆ ನಿಲ್ಲಿಸಿ, ಒಂದು ಸಲ ಹಳೆಯದರಲ್ಲಿ, ಒಂದು ಸಲ ಹೊಸದರಲ್ಲಿ ಫೋಟೊ ತೆಗೆದಿದ್ದ.

ಹಳೆಯದನ್ನು ದೊಡ್ಡದು ಮಾಡಿದರೆ ಮುಖಗಳು ನಾದಿದ ಹಿಟ್ಟಿನ ಹಾಗೆ ಕಲೆಸಿಹೋಗುತ್ತಿದ್ದವು. ಹೊಸದರಲ್ಲಿ ಮಕ್ಕಳ ಕೊರಳಿನ ಗುರುತಿನ ಕಾರ್ಡಿನ ಅಕ್ಷರ ಕೂಡ ಓದಬಹುದಿತ್ತು. ರಿಚಾರ್ಜಿಗೆ ಬಂದಿದ್ದ ಸತ್ಯವ್ವನನ್ನು ಕರೆದು ತೋರಿಸಿದಾಗ, ಹೊಸದರಲ್ಲಿ ಒಬ್ಬ ಹುಡುಗನ ಹಲ್ಲು ಬಿದ್ದಿರುವುದೂ ಕಾಣುತ್ತದೆ ಎಂದಳು. ಅಂಗಡಿಯಲ್ಲಿ ನಿಂತವರು ಅಂಗಡಿಯವನ ಪರವಾಗಿಯೇ ಮಾತಾಡುತ್ತಾರೆ ಎಂದ ಹಣಮಂತಪ್ಪ.

ಅಲ್ತಮಶ ಹೊಸ ಫೋನಿನಲ್ಲಿ ಒಬ್ಬಳೇ ಹುಡುಗಿಯ ಮುಖ ಪರದೆ ತುಂಬ ಬರುವಂತೆ ಹಿಗ್ಗಿಸಿ ಅವನ ಮುಂದೆ ಹಿಡಿದ.

"ಕಾಕಾ, ಇಕಿ ಯಾರರಿ?"

"ಯಾವದೋ ಹುಡುಗಿ. ಯಾರಂತ ಹೆಂಗ ಹೇಳಲಿ? ಅದಕ್ಕ ಅನ್ನಾಕ ಹತ್ತೇನಿ, ಕ್ಯಾಮೆರಾ ಸುಮಾರ ಐತಿ."

ಅದು ಫಿಜಾ, ಅಲ್ತಮಶನ ಮಗಳು. ಊರಂಚಿನ ತಮ್ಮ ಮನೆಯಿಂದ ಮೂರು ವರ್ಷದಿಂದ ಹಣಮಂತಪ್ಪನ ಪಕ್ಕದ ಸೀಟಿನಲ್ಲೇ ಕೂತು ಶಾಲೆಗೆ ಹೋಗುತ್ತಿದ್ದಳು.

ಅಲ್ತಮಶ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಮೆಗಾಪಿಕ್ಸೆಲ್ ಬಗ್ಗೆ ಹೇಳಬೇಕೆಂದಿದ್ದದ್ದೆಲ್ಲ ಅವನಿಗೆ ಮರೆತುಹೋಯಿತು. ಈ ಮಸುಕು ಯಾವಾಗಿನಿಂದ ಎಂದು ಕೇಳಿದ. ಒಂದು ವರ್ಷ ಆಗಿರಬೇಕು ಎಂದ ಹಣಮಂತಪ್ಪ. ಫೋಟೊ ಮಾತ್ರವೋ ಎಂದರೆ, ಇಲ್ಲ, ಟಿವಿಯೂ ಹಾಗೇ. ಆದರೆ ಟಿವಿ ಹಳೆಯದು. ಬಸ್ಸಿನ ಬೋರ್ಡೂ ಹಾಗೇ. ಆದರೆ ಈಗೀಗ ಬಸ್ಸು ಯಾರೂ ತೊಳೆಯುವುದಿಲ್ಲ.

"ಕಾಕಾ, ಹೊಸ ಫೋನ್ ಬರೋಬರಿ ಐತಿ. ನಿಮ್ಮ ಕಣ್ಣಾಗ ಪೊರಿ ಬಂದೈತಿ."

ಹಣಮಂತಪ್ಪ ಸಿಟ್ಟಾಗಲಿಲ್ಲ. ಇಷ್ಟು ವರ್ಷದಲ್ಲಿ ತನ್ನ ಗಾಡಿಗೆ ಒಂದು ಕೋಳಿ ಕೂಡ ಸಿಕ್ಕಿಲ್ಲ ಎಂದ. ಆಮೇಲೆ ಶಾಲೆ ಬಿಡುವ ಹೊತ್ತಾಯಿತೆಂದು ಹೊರಡಲು ಜೇಬಿನಲ್ಲಿ ಕೀಲಿ ತಡಕಿದ. ಅಷ್ಟರಲ್ಲಿ ಅಲ್ತಮಶ ಸತ್ಯವ್ವನನ್ನು ಹೊರಗೆ ಕಳಿಸಿ, ಅರ್ಧ ಶಟರ್ ಎಳೆದಾಗಿತ್ತು. ಇವತ್ತು ಗಾಡಿ ತಾನು ಹೊಡೆಯುತ್ತೇನೆ, ನೀವು ಬಾಜೂ ಕೂತರೆ ಸಾಕು ಎಂದ.

ವ್ಯಾಪಾರದ ಹೊತ್ತಿನಲ್ಲಿ ಎಳೆದ ಶಟರಿನ ಕಡೆ ಹಣಮಂತಪ್ಪ ನೋಡಿದ. ಕೊನೆಗೆ ಕೀಲಿ ಕೊಟ್ಟ.

"ಆ ರಸ್ತೆ ನಿನಗ ಗೊತ್ತಿಲ್ಲ. ನಾ ಹೇಳಿದಂಗ ಹೊಡಿ."

ಒಂಬತ್ತು ಮಕ್ಕಳು ಹತ್ತಿದರು. ಅಪ್ಪ ಯಾಕೆ ಗಾಡಿ ಹೊಡೆಯುತ್ತಿದ್ದಾನೆಂದು ಫಿಜಾ ಕೇಳಿದಳು. ಸುಮ್ಮನೆ ಎಂದ ಅಲ್ತಮಶ. ಊರಂಚಿನ ಮನೆ ಬಂದರೂ ಅವಳು ಇಳಿಯದೆ ಅಪ್ಪನ ಜೊತೆಗೇ ಉಳಿದಳು. ಊರು ದಾಟಿದ ಮೇಲೆ ಹಣಮಂತಪ್ಪ ಒಂದೊಂದೇ ಹೇಳತೊಡಗಿದ. ಇಲ್ಲಿ ಹಂಪು, ಮೆಲ್ಲಗೆ. ಸಣ್ಣ ಸೇತುವೆ ದಾಟಿದ ಕೂಡಲೇ ಎಡಕ್ಕೆ ತಗ್ಗು, ಬಲಕ್ಕೆ ತಗೋ. ಮುಂದಿನ ತಿರುವಿನಲ್ಲಿ ಹಾರ್ನ್ ಹೊಡಿ, ಟ್ರ್ಯಾಕ್ಟರ್ ಒಮ್ಮೆಲೇ ಹೊರಗೆ ಬರುತ್ತವೆ. ಹಂಪು ಇತ್ತು, ತಗ್ಗು ಇತ್ತು, ತಿರುವಿನಲ್ಲಿ ಟ್ರ್ಯಾಕ್ಟರೂ ಬಂತು. ಎರಡು ತೋಟದ ಮನೆಗಳಲ್ಲಿ ಮೂರು ಮಕ್ಕಳನ್ನು ಇಳಿಸುವ ಹೊತ್ತಿಗೆ, ತಾನು ಹಿರಿಯ ಮನುಷ್ಯನನ್ನು ಸುಮ್ಮನೆ ನೋಯಿಸಿದೆನೇನೋ ಎಂದು ಅಲ್ತಮಶನಿಗೆ ಅನಿಸಿತು.

"ಇಲ್ಲಿಂದ ರಸ್ತೆ ಸಾಫ್ ಐತಿ," ಎಂದ ಹಣಮಂತಪ್ಪ. "ಜೋರ ಬಿಡು."

ಅಲ್ತಮಶ ಮೈಭಾರವನ್ನೆಲ್ಲ ಬ್ರೇಕಿನ ಮೇಲೆ ಹಾಕಿದ. ಹಿಂದೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಮುಂದಿನ ಗಾಲಿ ಜಲ್ಲಿಕಲ್ಲಿಗೆ ತಾಗಿ, ಕರಕರ ಸದ್ದು ಮಾಡಿ ನಿಂತಿತು. ಮಧ್ಯಾಹ್ನ ಯಾವುದೋ ಟಿಪ್ಪರ್ ಸುರುವಿಹೋದ ಜಲ್ಲಿಯ ರಾಶಿ ಅರ್ಧ ರಸ್ತೆಯನ್ನು ನುಂಗಿತ್ತು.

"ಯಾಕ ನಿಲ್ಲಿಸಿದಿ?" ಎಂದು ಕೇಳಿದ ಹಣಮಂತಪ್ಪ.

ಅಲ್ತಮಶ ಹಿಂದೆ ತಿರುಗಿ ಮಕ್ಕಳನ್ನು ಎಣಿಸಿದ. ಹಣಮಂತಪ್ಪ ತಾನೇ ಇಳಿದು ಮುಂದೆ ಹೋದ. ಎರಡನೇ ಹೆಜ್ಜೆಗೆ ಕಾಲು ಕಲ್ಲಿಗೆ ಎಡವಿತು. ಬಗ್ಗಿ ಎರಡೂ ಕೈಯಿಂದ ಮುಟ್ಟಿ ನೋಡಿದ. ಕೈಯನ್ನು ಮೇಲೆ ಮೇಲೆ ಒಯ್ದ. ರಾಶಿ ಅವನ ಎದೆಯ ತನಕ ಇತ್ತು. ಗಾಡಿಯಲ್ಲಿ ಆರು ಮಕ್ಕಳು ಕೊರಳು ಚಾಚಿ ನೋಡುತ್ತಿದ್ದರು. ಹಣಮಂತಪ್ಪ ಅವರ ಕಡೆ ತಿರುಗದೆಯೇ, ಕಣ್ಣಿನ ದವಾಖಾನೆ ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಕೇಳಿದ. ನಾಳೆ ಮುಂಜಾನೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ ಅಲ್ತಮಶ.

"ನಾ ಇದನ್ನ ಗಿಡದ ನೆರಳ ಅಂತ ತಿಳ್ಕೊಂಡಿದ್ದೆ," ಎಂದ ಹಣಮಂತಪ್ಪ.

ರಸ್ತೆ ಅಗಲ ಮಾಡಲು ಅಲ್ಲಿಯ ಗಿಡಗಳನ್ನೆಲ್ಲ ಕಡಿದು ಎರಡು ವರ್ಷವಾಗಿತ್ತು.