ಬೆಲ್ಟಿನ ಕಾಗದ

ಎಂಬತ್ತಾರನೇ ಇಸವಿ, ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಮೂರು ದಿನದಿಂದ ಹಿಡಿದ ಜಡಿಮಳೆ ಬಿಟ್ಟಿರಲಿಲ್ಲ. ರಾಯಲ್ಪಾಡಿನ ಈಚೆಗಿದ್ದ ಸಣ್ಣ ಆಸ್ಪತ್ರೆಗೆ ಅಂಚೆಯವನು ನೆನೆದ ಲಕೋಟೆಯೊಂದನ್ನು ಕೊಟ್ಟುಹೋದ.

ಗುಮಾಸ್ತ ಚಂದ್ರಶೇಖರನದು ಒಂದು ಪದ್ಧತಿ. ಡಾಕ್ಟರು ರಜದಲ್ಲಿದ್ದರೆ ಬಂದ ಕಾಗದದ ‘ವಿಷಯ’ ಎಂಬ ಒಂದೇ ಸಾಲು ಓದಿ, ಸಂಬಂಧಪಟ್ಟವರ ಕಿವಿಗೆ ಹಾಕಿ, ಡಾಕ್ಟರ ಮೇಜಿನ ಮೇಲಿಡುವುದು. ಉಳಿದದ್ದನ್ನು ಓದುವವರು ಅವರೇ.

“ಲೇ ಕದಿರಪ್ಪ, ನಿನ್ನ ಹೊಸ ಆಂಬುಲೆನ್ಸಿನ ಸ್ಟ್ರೆಚರ್ ಬೆಲ್ಟು ಸರಿಯಿಲ್ವಂತೆ. ಕಂಪನಿಯೋರೇ ಬರ್ದಿದಾರೆ. ಕೋಲಾರಕ್ಕೆ ಕಳಿಸಿದ್ರೆ ಬದಲಾಯಿಸಿಕೊಡ್ತಾರಂತೆ.”

“ಏನಾಗದೆ ಸಾರ್ ಅದಕ್ಕೆ?” ಎಂದ ಡ್ರೈವರ್ ಕದಿರಪ್ಪ.

“ಅದೆಲ್ಲ ಒಳಗೆ ಬರ್ದಿರ್ತಾರೆ. ಶುಕ್ರವಾರ ಡಾಕ್ಟರು ಬರ್ತಾರಲ್ಲ, ಕೇಳು. ಅಲ್ಲೀವರ್ಗೂ ನಿನ್ನ ಹೊಸ ಹೆಂಡ್ತೀನ ಹುಷಾರಾಗಿ ನೋಡ್ಕೊ.”

ಕದಿರಪ್ಪನಿಗೆ ನಗು ಬರಲಿಲ್ಲ. ಹಳೇ ವ್ಯಾನಿಗೆ ಬೆಲ್ಟೇ ಇರಲಿಲ್ಲ. ಬೇಸಿಗೆಯಲ್ಲಿ ತಿರುವಿನಲ್ಲಿ ಒಬ್ಬ ಮುದುಕ ಸ್ಟ್ರೆಚರಿನಿಂದ ಉರುಳಿ ಸೊಂಟ ಮುರಿದುಕೊಂಡಿದ್ದ. ಆ ಕೂಗು ಇನ್ನೂ ಕಿವಿಯಲ್ಲಿತ್ತು.

ವ್ಯಾನಿನೊಳಗೆ ಹೋಗಿ ಬೆಲ್ಟು ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ಜೋತುಬಿದ್ದು ನೋಡಿದ. ಬಿಚ್ಚಲಿಲ್ಲ. ಆಮೇಲೆ ಅದನ್ನು ತೆಗೆಯಲು ಒಂದಿಷ್ಟು ಹೊತ್ತೇ ಹಿಡಿಯಿತು. ಹೊಸದರ ಬಿಗಿ ಎಂದುಕೊಂಡ. ಆದರೂ ನಡುದಾರಿಯಲ್ಲಿ ಬಿಚ್ಚಿಕೊಂಡೀತೆಂಬ ಅಳುಕು ಹೋಗಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಗಂಗರತ್ನಮ್ಮ ಮಗಳು ತುಳಸಮ್ಮನನ್ನು ಎತ್ತಿನ ಗಾಡಿಯಲ್ಲಿ ಕರೆತಂದಳು. ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿತ್ತು. ನರ್ಸು ಶ್ಯಾಮಲಮ್ಮ ಹೊಟ್ಟೆ ಮುಟ್ಟಿ ನೋಡಿ, “ದೀಪ ಹಚ್ಚೋದ್ರೊಳಗೆ ಕೋಲಾರ ಸೇರ್ಬೇಕು. ಇಲ್ದಿದ್ರೆ ಎರಡು ಜೀವಾನೂ ಇಲ್ಲ” ಎಂದಳು. ಇದ್ದವಳು ಒಬ್ಬಳೇ ನರ್ಸು, ಆಸ್ಪತ್ರೆ ಬಿಟ್ಟು ಜೊತೆಗೆ ಹೋಗುವಂತಿರಲಿಲ್ಲ.

ಕದಿರಪ್ಪ ಬೆಲ್ಟು ಎಳೆದಾಗ ಗಂಗರತ್ನಮ್ಮ ಅವನ ಕೈ ಹಿಡಿದಳು.

“ಯಾಕ್ ನಾಯನಾ ನನ್ ಮಗ್ಳನ್ನ ಕಟ್ತೀಯ? ಜೀವ ಇರೋರ್ನ ಹಿಂಗೆ ಕಟ್ತಾರಾ? ಚಟ್ಟದ ಮೇಲೆ ಕಟ್ಟೋದು!”

“ಬಿಟ್ರೆ ಉರುಳ್ತಾಳೆ ಕಣಮ್ಮ.”

ತುಳಸಮ್ಮ ಆ ನೋವಿನಲ್ಲೂ ನಕ್ಕಳು. “ಕಟ್ಲಿ ಬಿಡಮ್ಮ. ನಾನೆಲ್ಲಿಗೆ ಓಡಿಹೋಗ್ತೀನಿ?”

ಎದೆಗೊಂದು, ತೊಡೆಗೊಂದು ಬಿಗಿದ. ಟಕ್ಕೆನ್ನುವವರೆಗೂ ಅಂಗೈಯಿಂದ ಕೊಂಡಿ ಒತ್ತಿದ. ಸಾಲದೆನಿಸಿ ಸ್ಪ್ಯಾನರಿನ ಹಿಂಬದಿಯಿಂದ ಎರಡೆರಡು ಏಟು ಹಾಕಿದ. ಈಗ ದೇವರೇ ಬಂದರೂ ಬಿಚ್ಚಲಾರದು ಎನಿಸಿದ ಮೇಲೆಯೇ ಗಾಡಿ ಹೊರಡಿಸಿದ.

ಕೆರೆ ಏರಿಯ ಮೇಲೆ ಕೆಮ್ಮಣ್ಣು ಕೊಚ್ಚೆಯಾಗಿತ್ತು. ಎದುರಿಗೆ ಬಸ್ಸು ಬಂತು. ದಾರಿ ಕೊಡಲು ಕದಿರಪ್ಪ ಎಡಕ್ಕೆ ಎಳೆದ. ಏರಿಯ ಅಂಚು ಕುಸಿಯಿತು. ವ್ಯಾನು ಜಾರಿ ನೀರಿಗಿಳಿದು, ವಾಲಿ ನಿಂತಿತು.

ಕದಿರಪ್ಪ ಹಣೆಯ ರಕ್ತ ಒರೆಸಿಕೊಂಡು ಹಿಂದಕ್ಕೆ ತಿರುಗಿದ. ಗಂಗರತ್ನಮ್ಮ ಬಾಗಿಲಿನ ಮೂಲೆಗೆ ಹೋಗಿ ಬಿದ್ದಿದ್ದಳು. ತುಳಸಮ್ಮ ಮಾತ್ರ ಗೇಣು ಕೂಡ ಅಲುಗಿರಲಿಲ್ಲ.

“ಬಿಚ್ಲಿಲ್ಲ ಕಣಮ್ಮ!” ಅವನಿಗೆ ಅಳುವೇ ಬಂತು. “ಬೆಲ್ಟು ಬಿಚ್ಲಿಲ್ಲ! ನಿನ್ನ ಮಗ್ಳು ಉಳ್ಕೊಂಡ್ಳು!”

ಮುದುಕಿಯನ್ನು ಎತ್ತಿ ಬಸ್ಸಿನವರ ಕೈಗೆ ಕೊಟ್ಟ. ನೀರು ಮೊಣಕಾಲಿಗೆ ಬಂದಿತ್ತು. ವ್ಯಾನು ಮೆಲ್ಲಗೆ ಇನ್ನೂ ಜಾರುತ್ತಲೇ ಇತ್ತು.

“ಒಂದ್ನಿಮಿಷ ಇರ್ರಪ್ಪ,” ಎಂದು ಏರಿಯ ಕಡೆ ಕೂಗಿ ಹೇಳಿ ಕದಿರಪ್ಪ ಒಳಗೆ ನುಗ್ಗಿದ. “ಬಿಚ್ಕೊಂಡು ಕರ್ಕೊಂಡ್ ಬಂದ್ಬಿಡ್ತೀನಿ!”

ಶುಕ್ರವಾರ ಡಾಕ್ಟರು ಬಂದು ಕಾಗದದ ಉಳಿದ ಸಾಲುಗಳನ್ನು ಓದಿದರು: ಈ ಬೆಲ್ಟಿನ ಕೊಂಡಿಯನ್ನು ಬಲವಾಗಿ ಒತ್ತಿ ಕೂರಿಸಿದರೆ ಮತ್ತೆ ತೆರೆಯುವುದಿಲ್ಲ, ಯಾವ ರೋಗಿಗೂ ಹಾಕಕೂಡದು. ತುಳಸಮ್ಮ ವ್ಯಾನಿನೊಡನೆ ಮುಳುಗಿಹೋದದ್ದು ಮಂಗಳವಾರ. ಕಡೇವರೆಗೂ ಕೊಂಡಿಯಿಂದ ಕೈ ತೆಗೆಯದ ಕದಿರಪ್ಪನೂ ಅದೇ ಮಂಗಳವಾರ.