ಫಕೀರವ್ವನ ಫೋನ್ ರಂಗೋಲಿ

ಅವಸರವಿಲ್ಲದಾಗ ಓದಿ... ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತುಕೊಳ್ಳಿ.

ಗದಗಿನ ಒಂದು ಮೊಬೈಲ್ ಅಂಗಡಿಯಲ್ಲಿ ಅಂದಾನಿ ಎಂಬ ಯುವಕ ಕೆಲಸಕ್ಕಿದ್ದ.

ಅವನಿಗೊಂದು ಹುಚ್ಚು... ಹೊಸ ಆ್ಯಪ್‌ಗಳನ್ನು ಪೂರ್ತಿ ಸಿದ್ಧವಾಗುವ ಮೊದಲೇ ಪರೀಕ್ಷೆಗೆಂದು ಜನರಿಗೆ ಬಿಡುತ್ತಾರಲ್ಲ, ಬೀಟಾ ಅಂತ... ಅದನ್ನು ಎಲ್ಲರಿಗಿಂತ ಮುಂಚೆ ಹಾಕಿಕೊಳ್ಳಬೇಕು. ತಪ್ಪು ಹುಡುಕಿ ಕಂಪನಿಗೆ ಬರೆಯಬೇಕು. ಅವರು ಮೆಚ್ಚಿದರೆ ಅವನಿಗೆ ಅವತ್ತು ಹಸಿವೇ ಇಲ್ಲ.

ಒಮ್ಮೆ ಹೊಸ ವಿಜೆಟ್ ಒಂದು ಬಂತು. ಫೋನ್ ತೆರೆದ ಕೂಡಲೇ ಎದುರಿಗೆ ಕಾಣುವ ಚಿಕ್ಕ ಚೌಕ... ಒಬ್ಬರು ಅದರಲ್ಲಿ ಬೆರಳಿನಿಂದ ಚಿತ್ರ ಬರೆದರೆ ಇನ್ನೊಬ್ಬರ ಫೋನಿನಲ್ಲಿ ಮೂಡುತ್ತದೆ.

ಪರೀಕ್ಷೆ ಮಾಡಲು ಜೋಡಿ ಫೋನ್ ಬೇಕು, ಅದೂ ಹಳೆಯವು. ಅಂದಾನಿ ಅದನ್ನು ತನ್ನ ತಾಯಿ ನೀಲವ್ವನ ಫೋನಿಗೆ ಹಾಕಿದ... ಜೊತೆಗೆ ಅವಳ ಅಕ್ಕ, ದೊಡ್ಡವ್ವ ಫಕೀರವ್ವನ ಫೋನಿಗೂ.

ಫಕೀರವ್ವ ಲಕ್ಷ್ಮೇಶ್ವರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಯವಳು. ಅಲ್ಲೇ ಹಿಂದಿನ ಕೋಣೆಯಲ್ಲಿ ವಾಸ. ಕಿವಿ ಮಂದ... ಫೋನಿನಲ್ಲಿ ಮಾತಾಡಿದರೆ ಅರ್ಧ ಕೇಳದು.

"ಇದು ಇನ್ನೂ ಪರೀಕ್ಷೆಯಲ್ಲಿದೆ, ಇದನ್ನೇ ನಂಬಿಕೊಂಡಿರಬೇಡಿ" ಎಂದು ಪರದೆಯ ಮೇಲೆ ಬಂತು. ಇಬ್ಬರ ಪರವಾಗಿಯೂ ಅಂದಾನಿಯೇ "ಒಪ್ಪಿದೆ" ಒತ್ತಿದ.

ಮಾರನೆಯ ದಿನ ಬೆಳಗ್ಗೆ ನೀಲವ್ವನ ಫೋನಿನಲ್ಲಿ ಒಂದು ರಂಗೋಲಿ ಅರಳಿತ್ತು. ಎಂಟೆಸಳಿನ ಕಮಲ... ಕೆಳಗೆ ಅವತ್ತಿನ ತಾರೀಖು.

"ಅಕ್ಕನ ಕೈ ನೋಡೋ ಇದು. ಸಣ್ಣಾಕಿದ್ದಾಗ ನನ್ನ ಕೈ ಹಿಡದು ಕಲಿಸಿದ್ಲು" ಎಂದು ನೀಲವ್ವ ಓಣಿಯವರಿಗೆಲ್ಲ ತೋರಿಸಿದಳು.

ಬಾಗಿಲ ಮುಂದೆ ರಂಗೋಲಿ ಕಾಣದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ತಿಳಿಯುವ ಜನ ಅವರು. ಹಾಗಾಗಿ ಅಕ್ಕತಂಗಿಯರ ನಡುವೆ ಒಂದು ಮಾತಾಯಿತು... ದಿನಾ ಬೆಳಗ್ಗೆ ಎಂಟು ಗಂಟೆಯೊಳಗೆ ಫೋನಿನಲ್ಲಿ ರಂಗೋಲಿ ಬೀಳದಿದ್ದರೆ ನೀಲವ್ವ ಬಸ್ಸು ಹತ್ತಬೇಕು.

ಅಂದಿನಿಂದ ಫೋನ್ ಮಾಡುವುದು ನಿಂತಿತು.

ಎರಡು ತಿಂಗಳಾದ ಮೇಲೆ ಅಂದಾನಿಗೆ ಒಂದು ತಪ್ಪು ಸಿಕ್ಕಿತು. ಒಂದು ಫೋನ್ ಬಂದ್ ಆದರೆ, ಇನ್ನೊಂದರಲ್ಲಿ ಚೌಕ ಖಾಲಿ ಉಳಿಯುತ್ತಿರಲಿಲ್ಲ. ಯಾವುದೋ ಹಳೆಯ ಚಿತ್ರ ಬಂದು ಕೂರುತ್ತಿತ್ತು... ಅವತ್ತಿನ ತಾರೀಖು ಹಾಕಿಕೊಂಡು.

ಅಂಗಡಿಯ ಫೋನುಗಳಲ್ಲಿ ಮೂರು ಸಲ ಮಾಡಿ ನೋಡಿದ. ರಾತ್ರಿ ಮನೆಗೆ ಬಂದು ಫೋಟೊ ಸಮೇತ ಕಂಪನಿಗೆ ಬರೆದ. ಅವರು ಅವನ ಹೆಸರಿನ ಮುಂದೆ ಬೆಳ್ಳಿ ನಕ್ಷತ್ರ ಹಾಕಿದರು.

ಅವ್ವನಿಗೆ ಹೇಳಬೇಕು ಅಂದುಕೊಂಡ... ಹೇಳಿದರೆ ತೆಗೆದುಬಿಡು ಅನ್ನುತ್ತಾಳೆ. ಪರೀಕ್ಷೆಗೆ ಮತ್ತೆ ಇಂಥ ಜೋಡಿ ಎಲ್ಲಿ ಸಿಗಬೇಕು? ಇನ್ನು ಹದಿನೈದು ದಿನದಲ್ಲಿ ತಪ್ಪು ತಿದ್ದಿದ ಹೊಸ ವರ್ಷನ್ ಬರುತ್ತದಲ್ಲ...

ಹೇಳಲಿಲ್ಲ.

ದಸರೆಯ ರಜೆ ಬಂತು. ಹುಡುಗಿಯರೆಲ್ಲ ಊರಿಗೆ ಹೋದರು. ಹಾಸ್ಟೆಲ್ ಕಾಯಲು ಫಕೀರವ್ವ ಒಬ್ಬಳೇ ಉಳಿದಳು.

ಸೋಮವಾರ ನೀಲವ್ವನ ಫೋನಿನಲ್ಲಿ ನವಿಲು ಬಂತು. ಮಂಗಳವಾರ ಬಳ್ಳಿ ಬಂತು.

ಬುಧವಾರ ನೀಲವ್ವ ಫೋನ್ ಹಿಡಿದುಕೊಂಡು ನಕ್ಕಳು. "ನಿಮ್ಮ ದೊಡ್ಡವ್ವಗ ಅರಳುಮರಳು ಹತ್ತೇತಿ ನೋಡೋ. ಚೌತಿ ಮುಗದು ತಿಂಗಳ ಮ್ಯಾಲಾತು, ಈಗ ಗಣಪ್ಪನ್ನ ಬರದಾಳ."

ಅಂದಾನಿ ಉಣ್ಣುವುದನ್ನು ಬಿಟ್ಟು ಫೋನ್ ಕಸಿದುಕೊಂಡು ನೋಡಿದ... ಅದು ಚೌತಿಯ ದಿನ ಬಂದಿದ್ದ ಚಿತ್ರವೇ.

"ಅವ್ವಾ... ನಡಿ, ಲಕ್ಷ್ಮೇಶ್ವರಕ್ಕ ಹೋಗೂಣು."

"ಯಾಕೋ? ಏನಾತು?"

ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಹಾಸ್ಟೆಲಿನ ಹಿಂದಿನ ಕೋಣೆಯ ಬಾಗಿಲು ಮುರಿಯಬೇಕಾಯಿತು. ಫಕೀರವ್ವ ಬಚ್ಚಲಲ್ಲಿ ಬಿದ್ದಿದ್ದಳು. ಸೋಮವಾರ ನಸುಕಿನಲ್ಲಿ ಕಾಲು ಜಾರಿ ಟೊಂಕದ ಎಲುಬು ಮುರಿದಿತ್ತು. ಕೂಗಿದರೆ ಕೇಳಲು ಯಾರೂ ಇರಲಿಲ್ಲ... ಕೋಣೆಯಲ್ಲಿದ್ದ ಫೋನ್ ಚಾರ್ಜ್ ಇಲ್ಲದೆ ಹಿಂದಿನ ರಾತ್ರಿಯೇ ಬಂದ್ ಆಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಅಂದಾನಿಯನ್ನು ಪಕ್ಕಕ್ಕೆ ಕರೆದರು. "ಮೂರು ದಿನ ಹೊಟ್ಟೆಗೆ ನೀರಿಲ್ಲ, ಕಿಡ್ನಿ ಸೋತಾವು. ಬಿದ್ದ ದಿನಾನ ತಂದಿದ್ರ ಮಾತು ಬ್ಯಾರೆ ಇತ್ತು."

ಸಂಜೆ ಫಕೀರವ್ವ ಕಣ್ಣು ತೆರೆದಳು. ತಂಗಿಯ ಮುಖ ಸವರಿದಳು.

"ನೀಲಾ... ನಿನಗೇನಾಗಿತ್ತವಾ?"

"ನನಗೇನೂ ಆಗಿಲ್ಲಕ್ಕಾ."

"ಬಚ್ಚಲ ಕಿಂಡ್ಯಾಗ ಬಿಸಲು ಬಂದ್ರ ಎಂಟು ಗಂಟಿ ಅಂತ ಲೆಕ್ಕ ಹಿಡದಿದ್ದೆ. ಬಿಸಲು ಬಂತು, ಹೋತು... ನೀ ಬರಲಿಲ್ಲ. ರಂಗೋಲಿ ಕಾಣದಿದ್ರ ನೀ ಮನ್ಯಾಗ ಕುಂದ್ರಾಕಿ ಅಲ್ಲ. ಅಯ್ಯ, ನನ್ನ ತಂಗೀಗ ಏನೋ ಆಗೇತಿ ಅಂತ... ಬಿದ್ದಲ್ಲೇ ನಿನ್ನ ಚಿಂತಿ ನನಗ."

ನೀಲವ್ವ ಅಕ್ಕನ ಕೈಗೆ ಹಣೆ ಹಚ್ಚಿ ಕೂತುಬಿಟ್ಟಳು. ಅಂದಾನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಶನಿವಾರ ಫಕೀರವ್ವ ಹೋದಳು.

ಮಣ್ಣು ಮಾಡಿ ಬಂದ ಮೇಲೆ ನೀಲವ್ವ ಮಗನನ್ನು ಎದುರಿಗೆ ಕೂರಿಸಿಕೊಂಡಳು. ದನಿ ಏರಿಸಲಿಲ್ಲ.

"ಗಣಪ್ಪನ್ನ ನೋಡಿ ನಾ ನಕ್ಕೆ. ನೀ ಯಾಕ ಹೆದರಿದಿ?"

ಅಂದಾನಿ ತನ್ನ ಫೋನನ್ನು ಮಗುಚಿ ನೆಲದ ಮೇಲಿಟ್ಟ.

"ಅದು ಹಂಗ ಸುಳ್ಳು ತೋರಸ್ತೈತಿ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತವ್ವಾ."

"ಯಾರಿಗೆ ಹೇಳಿದ್ದಿ?"

"ಕಂಪನ್ಯಾವರಿಗೆ ಬರದಿದ್ದೆ... ಅವತ್ತ ಬರದಿದ್ದೆ."

"ಅವರು ಎಲ್ಲಿರ್ತಾರ?"

"ಯಾವ ದೇಶನೋ... ಗೊತ್ತಿಲ್ಲ."

"ನಾ ಎಲ್ಲಿದ್ದೆ ಅಂದಾನಿ?"

ಅವನು ಕಂಪನಿಗೆ ಬರೆಯುತ್ತಿದ್ದಾಗ ಅವಳು ಇದ್ದದ್ದು ಪಕ್ಕದ ಕೋಣೆಯಲ್ಲಿ... ಅವನಿಗೆ ರೊಟ್ಟಿ ಬಡಿಯುತ್ತಾ.

ಅದೇ ವಾರ ಹೊಸ ವರ್ಷನ್ ಬಂತು. ತಪ್ಪು ಸರಿಯಾಗಿತ್ತು. ತಪ್ಪು ಹುಡುಕಿ ಕೊಟ್ಟವರ ಪಟ್ಟಿಯಲ್ಲಿ ಅಂದಾನಿಯ ಹೆಸರು ಎಲ್ಲಕ್ಕಿಂತ ಮೇಲಿತ್ತು.

ನೀಲವ್ವ ಇವತ್ತಿಗೂ ಅವನಿಗೆ ಉಣ್ಣಲು ಬಡಿಸುತ್ತಾಳೆ, ಅಂಗಿ ಒಗೆದು ಕೊಡುತ್ತಾಳೆ... ಹೆಸರು ಹಿಡಿದು ಮಾತ್ರ ಕರೆಯುವುದಿಲ್ಲ.

.

*ತಪ್ಪು ಕಂಡಾಗ ಮೊದಲು ಹೇಳಬೇಕಾದದ್ದು ಅದನ್ನು ಸರಿಮಾಡುವವರಿಗಲ್ಲ... ಅದನ್ನೇ ನಂಬಿ ಕೂತವರಿಗೆ.*

.

ನಿಮ್ಮನ್ನು ನಂಬಿ ಕೂತವರು ಪಕ್ಕದ ಕೋಣೆಯಲ್ಲೇ ಇದ್ದಾರೆ... ಅವರಿಗೆ ಹೇಳದೆ ಉಳಿಸಿಕೊಂಡ ಮಾತು ನಿಮ್ಮಲ್ಲಿ ಯಾವುದಿದೆ?